ಕಂಬಕ್ಕೆ ಹೇಳಿದ ಮಾತು

ಕಾರ್ತಿಕದ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ತಮ್ಮ ಭೀಮರಾಜ ಇನ್ನಿಲ್ಲವೆಂಬ ಸುದ್ದಿ ಮನೆಗೆ ಬಂತು. ಅವನ ಹೆಂಡತಿ ಪುಟ್ಟಗಂಗಮ್ಮ ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ಫೋನ್ ಮಾಡಿದವರು ಗುಬ್ಬಿಯ ಹತ್ತಿರ ನಮ್ಮ ತೆಂಗಿನ ತೋಟದ ಪಕ್ಕದ ತೋಟದವರಾದ ನಾಗಭೂಷಣ್.

"ಮೇಡಂ, ಭೀಮಣ್ಣ ಬೋರ್ ಹತ್ರ ಬಿದ್ದವ್ರೆ. ಕೇಬಲ್ ಕೈಯಲ್ಲೇ ಐತೆ. ಮೋಟ್ರು ಓಡ್ತಾ ಇತ್ತು. ನಾನು ಕಂಬದ ಫ್ಯೂಸ್ ಕಿತ್ತಾಕ್ದೆ. ಆದ್ರೆ... ಯಾರಾದ್ರೂ ಗಂಡಸ್ರಿಗೆ ಫೋನ್ ಕೊಡಿ."

ನಾನು ಫೋನನ್ನು ನನ್ನ ತಮ್ಮನ ಮಗ ಗಂಗರಾಜುವಿನ ಕೈಗೆ ಕೊಟ್ಟೆ. ಅವನು "ಮೋಟ್ರು ಓಡ್ತಾ ಇತ್ತಾ?" ಎಂದು ಕೇಳಿ ಫೋನ್ ಇಟ್ಟ. ಪುಟ್ಟಗಂಗಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊರ ಅವಳ ಮಡಿಲಿಂದ ಜಾರಿ ಕಾಯಿಯೆಲ್ಲ ನೆಲಕ್ಕೆ ಚೆಲ್ಲಿತು.

"ಮೋಟ್ರು ಓಡ್ತಾ ಇತ್ತು ಅಂದ್ರೇನೋ? ಮೋಟ್ರಿಗೆ ಯಾರೋ ಫೋನ್ ಮಾಡಿದ್ದು? ಬೊಗಳ್ರೋ!"

ನಾನು ಬಾಯಿ ತೆರೆದೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಗಂಗರಾಜು ಅಂದ: "ಇನ್ಯಾರು ಮಾಡ್ತಾರಮ್ಮ? ಸೋಮವಾರ ಕೋಮಲಾ ತಾನೇ ಮಾಡೋದು."

ನಮ್ಮ ತೋಟದ ಮೋಟರು ಮನೆಯಿಂದ ಫೋನ್ ಮಾಡಿದರೆ ಓಡುವಂಥದ್ದು. ಕೋಮಲಾ ಅವನ ಹೆಂಡತಿ. ಆಗ ಅವಳು ಕೆಳಗಿನ ವರ್ಕ್‌ಶಾಪಿನಲ್ಲಿ ಬೆಂಚಿನ ಮುಂದೆ ಕೂತು ಬೆಸುಗೆ ಹಾಕುತ್ತಿದ್ದಳು. ಅತ್ತೆಯ ಕೂಗು ಕೇಳಿ ಮೆಟ್ಟಿಲು ಹತ್ತಿ ಬಂದವಳ ಕೆನ್ನೆಗೆ ಪುಟ್ಟಗಂಗಮ್ಮ ಹೊಡೆದಳು. ಯಾಕೆ ಹೊಡೆದಳೆಂದು ಆ ಹುಡುಗಿಗೆ ತಿಳಿಯಲೂ ಇಲ್ಲ.

ಮೋಟರಿಗೆ ಫೋನ್ ಮಾಡಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಗಂಗರಾಜು ಎದುರಿಗೇ ಕೂತಿದ್ದ, ನೋಡಿದ್ದ. ಅದನ್ನೂ ಬರೆದಿರುತ್ತೇನೆ.

ತಿಳಿಯದವರಿಗಾಗಿ ನನ್ನ ತಮ್ಮನ ವಿಷಯ ಹೇಳಬೇಕು. ಭೀಮರಾಜ ಐಟಿಐ ಓದಿ, ತುಮಕೂರಿನ ಶಿರಾ ಗೇಟಿನಲ್ಲಿ ಇಬ್ಬರು ನಿಲ್ಲಲಾಗದಷ್ಟು ಸಣ್ಣ ಗೂಡಂಗಡಿ ಇಟ್ಟು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಆ ಕಾಲಕ್ಕೆ ನಮ್ಮ ಕಡೆ ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೆ ರೈತರ ಮೋಟರು ಸುಟ್ಟುಹೋಗುತ್ತಿತ್ತು. ಹಾಗಾದಾಗ ಮೋಟರನ್ನು ತಾನಾಗಿ ನಿಲ್ಲಿಸುವ ಸಾಧನವೊಂದನ್ನು ಅವನು ಕಟ್ಟಿದ. ಅದಕ್ಕೆ ಕವಚ ಬೇಕಿತ್ತು. ನಮ್ಮ ಅವ್ವ ಹೊನ್ನಮ್ಮ ಹುರಿಹಿಟ್ಟು ತುಂಬಿಡುತ್ತಿದ್ದ ತಗಡಿನ ಡಬ್ಬಿಯನ್ನು ಬರಿದು ಮಾಡಿಕೊಂಡು ಅದರೊಳಗೆ ಕೂರಿಸಿದ. ಅವ್ವ ಎರಡು ದಿನ ಬೈದಳು. ಮುಂದೆ ಅವನು ಕಂಪನಿ ಮಾಡಿದಾಗ ಹೊನ್ನಮ್ಮ ಎಲೆಕ್ಟ್ರಾನಿಕ್ಸ್ ಎಂದು ಅವಳ ಹೆಸರನ್ನೇ ಇಟ್ಟ. ರೈತರು ಇಂದಿಗೂ ಅದನ್ನು 'ಹೊನ್ನಮ್ಮನ ಡಬ್ಬಿ' ಎಂದೇ ಕರೆಯುತ್ತಾರೆ.

ಮೊಬೈಲ್ ಬಂದ ಮೇಲೆ ಅವನು ಡಬ್ಬಿಯೊಳಗೆ ಸಿಮ್ ಹಾಕಿದ. ಮನೆಯಿಂದ ಒಂದು ಕರೆ ಮಾಡಿದರೆ ಸಾಕು, ಡಬ್ಬಿ ಆ ಕರೆಯನ್ನು ಕತ್ತರಿಸಿ ಮೋಟರು ಹಾಕುತ್ತಿತ್ತು. ಆಮೇಲೆ ತಾನೇ ತಿರುಗಿ ಕರೆ ಮಾಡಿ ಹೇಳುತ್ತಿತ್ತು: "ಕರೆಂಟ್ ಬಂದಿದೆ. ಮೋಟರ್ ಚಾಲೂ ಆಗಿದೆ." ಆ ಧ್ವನಿ ನನ್ನದು. ಮೂವತ್ತೆರಡು ವರ್ಷ ಗುಬ್ಬಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. "ಅಕ್ಕಾ, ಮಕ್ಕಳಿಗೆ ಉಕ್ತಲೇಖನ ಹೇಳ್ತಿದ್ದೆಯಲ್ಲ, ಹಂಗೆ ಹೇಳು. ಒಂದೊಂದು ಅಕ್ಷರಾನೂ ಬಿಡಿಸಿ ಹೇಳು," ಎಂದು ನನ್ನನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿಕೊಂಡು, ಹನ್ನೊಂದು ಸಲ ಹೇಳಿಸಿ, ಹನ್ನೆರಡನೆಯದನ್ನು ಒಪ್ಪಿಕೊಂಡ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಜಿಲ್ಲೆಯ ತೋಟಗಳಲ್ಲೆಲ್ಲ ನನ್ನ ಧ್ವನಿ ಕೇಳುತ್ತದೆಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ.

ಕೆಲವು ವರ್ಷದ ಹಿಂದೆ, ಕೇಬಲ್ ರಿಪೇರಿ ಮಾಡುತ್ತಿದ್ದ ರೈತನೊಬ್ಬ ಮನೆಯವರು ಫೋನ್ ಮಾಡಿದ್ದರಿಂದ ಕೂದಲೆಳೆಯಲ್ಲಿ ಉಳಿದ. ಅಂದಿನಿಂದ ಭೀಮರಾಜ ಪ್ರತಿ ಡಬ್ಬಿಗೂ ಒಂದು ಕೆಂಪು ಕೀ ಇಟ್ಟ. ಕೀ ತೆಗೆದು ಜೇಬಿಗೆ ಹಾಕಿಕೊಂಡರೆ ಯಾರು ಫೋನ್ ಮಾಡಿದರೂ ಮೋಟರು ಓಡುವುದಿಲ್ಲ. ಹಳೆಯ ಡಬ್ಬಿಗಳನ್ನೆಲ್ಲ ತಾನೇ ಊರೂರಿಗೆ ಹೋಗಿ ಬದಲಾಯಿಸಿ ಬಂದ. ಒಂದನ್ನು ಮಾತ್ರ ಬಿಟ್ಟ, ತನ್ನ ತೋಟದ್ದನ್ನು. ಅದು ಅವನು ಸಿಮ್ ಹಾಕಿದ ಮೊಟ್ಟಮೊದಲ ಡಬ್ಬಿ, ಅವ್ವನ ಅದೇ ಹುರಿಹಿಟ್ಟಿನ ತಗಡು.

"ಮಾವ, ನಮ್ಮ ತೋಟದ್ದೂ ಬದಲಾಯಿಸಿಬಿಡಿ," ಎಂದು ಕೋಮಲಾ ನನ್ನೆದುರಿಗೇ ಮೂರು ಸಲ ಹೇಳಿದ್ದಳು.

"ಬುಡಮ್ಮ, ಅದು ನನ್ನ ಮೊದಲ್ನೇ ಮಗು. ನನಗೆ ಕಚ್ಚಾಕಿಲ್ಲ," ಎಂದು ಅವನು ನಕ್ಕಿದ್ದ.

ಕೋಮಲಾ ಕುಣಿಗಲ್ ತಾಲೂಕಿನ ಹುತ್ರಿದುರ್ಗದವಳು, ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿದವಳು. ಮಗನಿಗೆ ಹತ್ತದ ವಿದ್ಯೆ ಸೊಸೆಗೆ ಹತ್ತಿತು. ಭೀಮರಾಜ ಅವಳಿಗೆ ಎಲ್ಲವನ್ನೂ ಕಲಿಸಿ, ಕಂಪನಿಯಲ್ಲಿ ಪಾಲುದಾರಳಾಗಿಯೂ ಸೇರಿಸಿದ. ಗಂಗರಾಜುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಯಿತು. ಹೋದ ಚೈತ್ರದಲ್ಲಿ ಬೆಂಗಳೂರಿನ ಕಂಪನಿಯೊಂದು ಬಂದು ಹೊನ್ನಮ್ಮ ಎಲೆಕ್ಟ್ರಾನಿಕ್ಸನ್ನು ಹೆಸರಿನ ಸಮೇತ ಕೊಳ್ಳುತ್ತೇವೆಂದಿತು. ಗಂಗರಾಜು ಒಪ್ಪಿದ. ಅಪ್ಪ ಒಪ್ಪಲಿಲ್ಲ, ಕೋಮಲಾಳೂ ಸಹಿ ಹಾಕಲಿಲ್ಲ. ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು.

ಮಾತು ಬಿಟ್ಟ ಮನೆಯಲ್ಲೂ ಸಂಸಾರ ಸಾಗಬೇಕಲ್ಲ. ಹೇಳಲೇಬೇಕಾದ್ದನ್ನು ಅವರು ಹಾಲಿನ ನಡುವಿನ ಕಾಂಕ್ರೀಟ್ ಕಂಬಕ್ಕೆ ಹೇಳತೊಡಗಿದರು. ನಮ್ಮ ಅಪ್ಪನೂ ಚಿಕ್ಕಪ್ಪನೂ ಹಳ್ಳಿಯ ಮನೆಯಲ್ಲಿ ಹಾಗೇ ಮರದ ಕಂಬಕ್ಕೆ ಹೇಳುತ್ತಿದ್ದರು. ನಾವು ನೋಡಿ ಬೆಳೆದದ್ದೇ.

"ಕಂಬಪ್ಪಾ, ಸ್ಕೂಟರ್ ತಗೊಂಡು ತಿರುಗೋರು ಪೆಟ್ರೋಲ್ ಹಾಕ್ಸಿ ತಂದು ನಿಲ್ಲಿಸ್ಲಿ," ಎನ್ನುವನು ಭೀಮರಾಜ.

"ಕಂಬಾ, ಮಗನನ್ನ ನಂಬದೆ ಸೊಸೆನ ನಂಬೋರು ಸೊಸೆ ಕೈಲೇ ಪೆಟ್ರೋಲೂ ಹಾಕ್ಸಿಕೊಳ್ಳಲಿ," ಎನ್ನುವನು ಗಂಗರಾಜು.

ಮೊಮ್ಮಗಳು ಇಂಪನಾ, ಏಳು ವರ್ಷದವಳು, ಕಂಬಕ್ಕೆ ಕಣ್ಣು ಮೂಗು ಬರೆದಿದ್ದಳು. ಅದನ್ನು ಕಂಡು ಎಲ್ಲರೂ ನಕ್ಕಿದ್ದೆವು. ನನಗೆ ಮಾತ್ರ ಆ ಮಾತುಗಳು ಹಿಡಿಸುತ್ತಿರಲಿಲ್ಲ. ಅವರು ಶುರು ಮಾಡಿದೊಡನೆ ನಾನು ದೇವರ ಕೋಣೆಯಲ್ಲಿ ಗಂಟೆಯನ್ನು ಜೋರಾಗಿ ಬಾರಿಸುತ್ತಿದ್ದೆ. ನರಸಿಂಹಸ್ವಾಮಿಯ ಪೂಜೆಯ ಹೊತ್ತಿನಲ್ಲಿ ಮನೆಯ ಜಗಳ ಕಿವಿಗೆ ಬೀಳಬಾರದೆಂಬುದು ನನ್ನ ನೇಮ.

ಆ ಸೋಮವಾರ ಏಳು ಗಂಟೆಗೆ ಭೀಮರಾಜ ಚಪ್ಪಲಿ ಮೆಟ್ಟುತ್ತ ಕಂಬಕ್ಕೆ ಹೇಳಿದನಂತೆ, ಆಮೇಲೆ ಇಂಪನಾಳಿಂದ ನನಗೆ ತಿಳಿಯಿತು: "ಇವತ್ತು ತೋಟದಲ್ಲಿ ಕೇಬಲ್ ಬಿಚ್ತೀನಿ. ಮೇನ್ ಸ್ವಿಚ್ ಕೆಟ್ಟೈತೆ, ಆಫ್ ಆಗಾಕಿಲ್ಲ. ಯಾರೂ ಮೋಟ್ರಿಗೆ ಫೋನ್ ಮಾಡಬ್ಯಾಡಿ." ಕೋಮಲಾ ಅಡುಗೆ ಮನೆಯಲ್ಲಿ ಮಿಕ್ಸಿ ಹಾಕಿದ್ದಳು. ಪುಟ್ಟಗಂಗಮ್ಮ ಬಚ್ಚಲಲ್ಲಿದ್ದಳು. ಗಂಗರಾಜು ಹಾಲಿನಲ್ಲೇ ಪೇಪರ್ ಓದುತ್ತಿದ್ದ. ನನಗೆ ತಮ್ಮನ ಧ್ವನಿ ಕೇಳಿತು, ಮಾತು ಕೇಳಲಿಲ್ಲ. ಮತ್ತೆ ಶುರುವಾಯಿತೆಂದುಕೊಂಡು ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದೆ.

ಕಾರ್ತಿಕ ಸೋಮವಾರಗಳಲ್ಲಿ ನಾನು ದೇವಸ್ಥಾನಕ್ಕೆ ಹೋಗುತ್ತಿದ್ದೆ, ಮೋಟರಿಗೆ ಫೋನ್ ಮಾಡುವ ಕೆಲಸ ಕೋಮಲಾಳದಾಗಿತ್ತು. ಆ ದಿನ ಮಂಡಿನೋವು, ಹೋಗಲಿಲ್ಲ. ಹತ್ತೂಕಾಲರ ಸುಮಾರಿಗೆ ಟಿವಿಯ ಪಕ್ಕದಲ್ಲಿಡುವ ಮನೆಯ ಫೋನನ್ನು ತೆಗೆದುಕೊಂಡು ಕರೆ ಮಾಡಿದೆ. ಗಂಗರಾಜು ರೊಟ್ಟಿ ತಿನ್ನುತ್ತಿದ್ದ. ಬಾಯಿ ತುಂಬ ತುತ್ತಿತ್ತು. ತಲೆಯೆತ್ತಿ ನನ್ನನ್ನೂ ಫೋನನ್ನೂ ನೋಡಿ, ಮತ್ತೆ ತಟ್ಟೆಗೆ ಬಗ್ಗಿದ. ಎರಡು ನಿಮಿಷಕ್ಕೆ ಫೋನ್ ಬಂತು. ಅಕ್ಷರ ಬಿಡಿಸಿ ನನ್ನ ಧ್ವನಿಯೇ ನನಗೆ ಹೇಳಿತು, ಕರೆಂಟ್ ಬಂದಿದೆ, ಮೋಟರ್ ಚಾಲೂ ಆಗಿದೆ ಎಂದು.

ತೋಟದಲ್ಲೇ ಮಣ್ಣು ಮಾಡಿದೆವು. ಪೊಲೀಸರು ಬಂದು ನೋಡಿ ಆಕಸ್ಮಿಕವೆಂದು ಬರೆದುಕೊಂಡು ಹೋದರು. ಮನೆಯವರು ಹಾಗೆ ಬರೆದುಕೊಳ್ಳಲಿಲ್ಲ.

ಮೂರನೆಯ ದಿನ ಹಾಲು ತುಪ್ಪ. ನೆಂಟರು, ವರ್ಕ್‌ಶಾಪಿನ ಹೆಣ್ಣುಮಕ್ಕಳು, ಡಬ್ಬಿ ಕೊಂಡಿದ್ದ ಎಷ್ಟೋ ರೈತರು ಬಂದಿದ್ದರು. ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಟ್ಟಲಿನಿಂದ ಗುಡ್ಡೆಯ ಮೇಲೆ ಹಾಲು ಬಿಡಬೇಕು. ಪುಟ್ಟಗಂಗಮ್ಮ ಬಿಟ್ಟಳು. ಬಟ್ಟಲು ಕೋಮಲಾಳ ಕೈಗೆ ಬಂತು. ಅವಳು ಬಗ್ಗುವಷ್ಟರಲ್ಲಿ ಅತ್ತೆ ಅದನ್ನು ಕಿತ್ತುಕೊಂಡಳು.

"ಕೊಂದ ಕೈಲಿ ಹಾಲು ಬಿಡ್ತೀಯೇನೇ?"

"ಅತ್ತೆ, ನಾನು ಮಾಡ್ಲಿಲ್ಲ. ನರಸಿಂಹಸ್ವಾಮಿ ಆಣೆಗೂ ಮಾಡ್ಲಿಲ್ಲ. ಡಬ್ಬಿಲಿ ಫೋನ್ ಬಂದ ಟೈಮ್ ಇರುತ್ತೆ, ನಾನೇ ತೆಗೆದು ತೋರಿಸ್ತೀನಿ. ಆ ಹೊತ್ತಿಗೆ ನಾನು ಕೆಳಗೆ ಬೆಂಚಲ್ಲಿದ್ದೆ. ಇವ್ರನ್ನೇ ಕೇಳಿ," ಎಂದು ಅವಳು ವರ್ಕ್‌ಶಾಪಿನವರ ಕಡೆ ತಿರುಗಿದಳು.

ಅವರಲ್ಲೊಬ್ಬಳು ಶಶಿರೇಖಾ. ಅವಳು ಗಂಗರಾಜುವಿನ ಮುಖ ನೋಡಿ, "ಸರಿಯಾಗಿ ನೆನಪಿಲ್ಲ ಮೇಡಂ," ಎಂದು ಸೆರಗು ಸರಿಮಾಡಿಕೊಂಡಳು.

"ಮನೆ ಫೋನು ಕೆಳಗೂ ಬರುತ್ತೆ, ಮೇಲೂ ಹೋಗುತ್ತೆ," ಎಂದ ಗಂಗರಾಜು. "ಟೈಮ್ ನೋಡಿ ಏನು ಮಾಡ್ತೀಯ?"

ಪುಟ್ಟಗಂಗಮ್ಮ ಬಟ್ಟಲನ್ನು ಸಾಲಿನಲ್ಲಿ ಮುಂದೆ ನಿಂತಿದ್ದ ನನಗೆ ಕೊಟ್ಟಳು. "ನೀವು ಬಿಡಿ ಅಕ್ಕಾ. ನಿಮ್ಮ ಕೈಲಿ ಬಿಟ್ರೆ ಅವ್ರಿಗೆ ತಲುಪುತ್ತೆ."

ನಾನು ಬಿಟ್ಟೆ. ಹಾಲು ಮಣ್ಣಿನಲ್ಲಿ ಇಂಗುವವರೆಗೂ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಂಡೆ. ಪಕ್ಕದಲ್ಲಿದ್ದವರು ನನ್ನ ಭಕ್ತಿಯನ್ನು ಮೆಚ್ಚಿಕೊಂಡರು.

ಸತ್ತವರ ಬಟ್ಟೆಬರೆಯನ್ನು ಸಮಾಧಿಯ ಹತ್ತಿರ ಬಿಡುವುದು ನಮ್ಮಲ್ಲಿ ರೂಢಿ. ಭೀಮರಾಜನ ಕನ್ನಡಕ, ಷರ್ಟು, ಟೆಸ್ಟರ್ ಇಟ್ಟೆವು. ಗಂಗರಾಜು ಹೋಗಿ ಆ ಮೊದಲ ಡಬ್ಬಿಯನ್ನು ಗೋಡೆಯಿಂದ ಕಿತ್ತು ತಂದ.

"ಅಪ್ಪಂಗೆ ಇದ್ರ ಮೇಲೆ ಪ್ರಾಣ. ಅವ್ರ ಜೊತೆಗೇ ಹೋಗ್ಲಿ," ಎಂದು ಎಲ್ಲರೆದುರಿಗೆ ಅದನ್ನು ಪಕ್ಕದ ಬತ್ತಿದ ಬೋರಿನೊಳಗೆ ಬಿಟ್ಟ. ಅದು ಕೊಳವೆಗೆ ಬಡಿಯುತ್ತ ಬಡಿಯುತ್ತ ಬಹಳ ಹೊತ್ತು ಕೆಳಗಿಳಿಯಿತು. ನೆಂಟರು ಕಣ್ಣೊರೆಸಿಕೊಂಡರು. ಕೋಮಲಾ ಗಂಡನನ್ನೇ ನೋಡುತ್ತ ನಿಂತಳು. ಅವನು ಅವಳನ್ನು ನೋಡಲಿಲ್ಲ.

ಮನೆಯಲ್ಲಿ ಅವಳು ಮಾಡಿದ ಅಡುಗೆಯನ್ನು ಯಾರೂ ಮುಟ್ಟಲಿಲ್ಲ. ಐದನೆಯ ದಿನ ಅವಳು ಮಾಡಿದ ಸೊಪ್ಪಿನ ಸಾರನ್ನು ಪುಟ್ಟಗಂಗಮ್ಮ ಪಾತ್ರೆ ಸಮೇತ ಬಚ್ಚಲಿಗೆ ಸುರಿದಳು.

"ಒಬ್ಬರನ್ನ ತಿಂದಿದ್ದು ಸಾಲದೇನೇ, ಉಳಿದೋರಿಗೂ ಇಕ್ತೀಯಾ?"

ಆಮೇಲೆ ಅವಳಿಗೆ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ತಿಥಿಗೆ ಬಂದವರ ಎಲೆ ಎತ್ತುವುದು ಮಾತ್ರ ಉಳಿಯಿತು. ನಾವೆಲ್ಲ ಉಂಡ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ತಣ್ಣಗಾದ ಮುದ್ದೆ ತಿನ್ನುತ್ತಿದ್ದಳು. ನಾನು ಒಳಗಿನಿಂದ ಅವಳ ಬೆನ್ನನ್ನು ನೋಡುತ್ತಿದ್ದೆ. ಒಂದು ದಿನ ಅವಳು ತಿರುಗಿ ಕೇಳಿದಳು: "ದೊಡ್ಡತ್ತೆ, ನೀವಾದ್ರೂ ನಂಬ್ತೀರಾ ನನ್ನ?"

"ದೇವರಿದ್ದಾನೆ ಕಣಮ್ಮ. ಅವನೇ ಎಲ್ಲಾ ಹೊರಗೆ ಹಾಕ್ತಾನೆ," ಅಂದೆ.

ಆ ಮಾತು ಅವಳಿಗೆ ಸಮಾಧಾನ ತಂದಿತೆಂದು ಕಾಣುತ್ತದೆ. ಕಣ್ಣೊರೆಸಿಕೊಂಡು ನನ್ನ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ತೊಳೆದಳು.

ಇಂಪನಾ ನನ್ನನ್ನು ಮಿಸ್ ಅಜ್ಜಿ ಎಂದು ಕರೆಯುತ್ತಾಳೆ. ಅವಳು ಶಾಲೆಯಿಂದ ಬಂದು ಬ್ಯಾಗು ಇಳಿಸುತ್ತ ಕೇಳಿದಳು: "ಮಿಸ್ ಅಜ್ಜಿ, ಅಮ್ಮನೇ ತಾತನ್ನ ಸಾಯಿಸಿದ್ದಂತೆ. ಹೌದಾ?"

"ಯಾರು ಹೇಳಿದ್ದು?"

"ಅಜ್ಜಿ. ಅಪ್ಪನೂ ಸುಮ್ನಿದ್ರು."

"ಆರರ ಮಗ್ಗಿ ಹೇಳು ನೋಡೋಣ," ಅಂದೆ. ಅವಳು ಹೇಳಿದಳು. ಆರೆಂಟ್ಲಿಗೆ ತಪ್ಪಿದಳು, ನಾನು ತಿದ್ದಿದೆ.

ತಿಥಿ ಕಳೆದ ಮಾರನೆಯ ದಿನ ಗಂಗರಾಜು ಹೆಂಡತಿಯ ಮುಂದೆ ಕಾಗದಗಳನ್ನಿಟ್ಟ. "ಪಾಲುದಾರಿಕೆಯಿಂದ ನಿನ್ನ ಹೆಸರು ತೆಗೆದ್ರೆ ಅಮ್ಮನ ಕೋಪ ಇಳಿಯುತ್ತೆ. ಮನೇಲಿ ನೆಮ್ಮದಿಯಾಗಿ ಇರಬಹುದು. ಮೂರು ಕಡೆ ಸಹಿ ಹಾಕು."

"ಮಾವ ಬೇಡ ಅಂದಿದ್ರು, ರೀ."

"ಮಾವ ಎಲ್ಲಿದಾರೆ ಈಗ? ಕಳಿಸಿದೋಳು ಯಾರು?"

"ನಾನು ಮಾಡ್ಲಿಲ್ಲ ಅಂತ ನಿಮಗೆ ಗೊತ್ತು. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ ನನಗೆ."

ಅವನು ಪೆನ್ನಿನ ಕ್ಯಾಪ್ ತೆಗೆದು ಅವಳ ಕೈಗಿಟ್ಟ. ಅವಳು ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಜಪಮಾಲೆಯಿತ್ತು. ಅವಳು ಸಹಿ ಹಾಕಿದಳು.

ಎರಡು ದಿನ ಬಿಟ್ಟು ಅವಳ ಅಪ್ಪ ಕದರಯ್ಯನಿಗೆ ಹೇಳಿಕಳಿಸಿದರು. ಪಾಪದ ಮನುಷ್ಯ. ರಾಗಿ ಕುಯ್ಲಿನ ಸಮಯ, ಕುಡುಗೋಲು ಇಟ್ಟವನು ಹಾಗೇ ಬಸ್ಸು ಹತ್ತಿ ಬಂದಿದ್ದ. ಕೂರು ಎಂದು ಯಾರೂ ಹೇಳಲಿಲ್ಲ.

"ನನ್ ಮಗ್ಳು ಸುಳ್ ಹೇಳಾಕಿಲ್ಲ ಕಣ್ರವ್ವ," ಎಂದ ಬಾಗಿಲಲ್ಲೇ ನಿಂತು.

"ಹಂಗಾದ್ರೆ ನಾನು ಸುಳ್ಳಿನಾ?" ಎಂದಳು ಪುಟ್ಟಗಂಗಮ್ಮ. "ಕರ್ಕೊಂಡೋಗಿ. ನನ್ನ ಕಣ್ಮುಂದೆ ಇದ್ರೆ ಒಂದಿನ ನಾನೇ ಏನಾದ್ರೂ ಮಾಡ್ಬಿಡ್ತೀನಿ."

"ಕೂಸು?"

"ಕೂಸಿಗೆ ಸ್ಕೂಲಿದೆ. ನಮ್ಮನೆ ಮಗು ನಮ್ಮನೇಲಿರುತ್ತೆ."

"ಇಂಪನಾ ಮೂರೂವರೆಗೆ ಬರ್ತಾಳೆ. ಅವಳಿಗೊಂದು ಮಾತು ಹೇಳಿ ಹೋಗ್ತೀನಿ," ಎಂದಳು ಕೋಮಲಾ.

"ಬೇಡ, ಮಗು ಅಳುತ್ತೆ," ಎಂದ ಗಂಗರಾಜು. ಆಟೋ ಅವನೇ ಕರೆದು ತಂದ.

ಅವಳು ಬಟ್ಟೆಯ ಚೀಲದ ಜೊತೆಗೆ ಮಾವ ಕೊಡಿಸಿದ್ದ ಬೆಸುಗೆ ಕಡ್ಡಿಯನ್ನೂ ಇಟ್ಟುಕೊಂಡಿದ್ದಳು. ಪುಟ್ಟಗಂಗಮ್ಮ ಚೀಲ ಬಿಚ್ಚಿ ನೋಡಿ, "ಇದು ಕಂಪನಿದು," ಎಂದು ಅದನ್ನು ತೆಗೆದಿಟ್ಟುಕೊಂಡಳು. ಕೋಮಲಾ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಆಶೀರ್ವಾದ ಮಾಡಿದೆ.

ಆ ಮೇಲಿನ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸೇರುತ್ತಿತ್ತು. ಪೂಜೆಯಲ್ಲಿ ಮಾತ್ರ ಗಂಟೆ ಎತ್ತಲು ಕೈ ಬರುತ್ತಿರಲಿಲ್ಲ. ಗಂಟೆಯಿಲ್ಲದೆ ಐದು ವಾರ ಮಂಗಳಾರತಿ ಮಾಡಿದೆ. ಐದನೆಯ ವಾರ ಒಂದು ಬೆಳಿಗ್ಗೆ, ತಾಯಿ ರೊಟ್ಟಿ ಬೇಯಿಸುತ್ತ, ಮಗ ತಿಂಡಿಗೆ ಕೂತಿದ್ದಾಗ, ಹೇಳಿದೆ.

"ಮೋಟರಿಗೆ ಫೋನ್ ಮಾಡಿದವಳು ನಾನು."

ಪುಟ್ಟಗಂಗಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಲಿಲ್ಲ. ಅದು ಸೀಯತೊಡಗಿತು.

"ಗೊತ್ತು ಅತ್ತೆ," ಎಂದ ಗಂಗರಾಜು, ತಟ್ಟೆಯಿಂದ ಕಣ್ಣೆತ್ತದೆ. "ನಾನು ನೋಡ್ಲಿಲ್ವಾ?"

"ಫೋನ್ ಮಾಡಬೇಡಿ ಅಂತ ಅವನು ಹೇಳಿದ್ದು ನಿನಗೆ ಕೇಳಿಸಿತ್ತು ಅಲ್ವೇನೋ?"

"ಕಂಬಕ್ಕೆ ಹೇಳಿದ್ರು. ನನಗೆ ಹೇಳ್ಲಿಲ್ಲ."

"ನನ್ನ ಕೈಲಿ ಫೋನ್ ನೋಡಿದೆ. ಬೇಡ ಅತ್ತೆ ಅನ್ನೋಕೆ ಎಷ್ಟೊತ್ತೋ?"

"ಬಾಯಲ್ಲಿ ತುತ್ತಿತ್ತು," ಎಂದ. ನೀರು ಕುಡಿದು, "ಅವ್ರು ಎಚ್ಚರವಾಗಿರ್ತಾರೆ ಅಂದ್ಕೊಂಡೆ. ಅವ್ರು ಅಷ್ಟು ಬುದ್ಧಿವಂತರಲ್ವಾ?" ಎಂದ.

ಪುಟ್ಟಗಂಗಮ್ಮ ಗೋಡೆ ಹಿಡಿದುಕೊಂಡು ಕೂತಳು. ಅವಳು ಕೂಗುತ್ತಾಳೆ, ನನ್ನ ಕೆನ್ನೆಗೂ ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಇದನ್ನ ನನಗ್ಯಾಕೆ ಹೇಳಿದ್ರಿ ಅಕ್ಕಾ?" ಎಂದಳು ಕೊನೆಗೆ. "ಒಂದ್ಕಡೆ ನೀವು, ಇನ್ನೊಂದ್ಕಡೆ ಹೊಟ್ಟೇಲಿ ಹುಟ್ಟಿದೋನು. ಇಬ್ರನ್ನೂ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?"

"ಆ ಹುಡುಗೀನ ಕರೆಸು ಪುಟ್ಟಗಂಗಾ."

"ಕರೆಸಿ ಏನಂತ ಹೇಳ್ಲಿ? ಊರಿಗೆಲ್ಲಾ ಹೇಳಿ ಆಗೋಯ್ತು." ಅವಳು ಎದ್ದು ಸೀದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ತಟ್ಟತೊಡಗಿದಳು. "ಅವಳು ಹೊರಗಿನೋಳು, ತಡ್ಕೋತಾಳೆ. ನೀವು ಸುಮ್ನೆ ಕೂತ್ಕೊಂಡು ತಿನ್ನಿ. ಆರೋಗುತ್ತೆ."

ನಾನು ಕೂತೆ. ಎರಡು ರೊಟ್ಟಿ ತಿಂದೆ.

ಮಾರನೆಯ ವಾರ ಬೆಂಗಳೂರಿನ ಕಂಪನಿಯವರು ಬಂದರು. ಟೈ ಕಟ್ಟಿದ ಇಬ್ಬರು ಹುಡುಗರು, ಬಹಳ ಮರ್ಯಾದೆಯವರು. ಗಂಗರಾಜು ನನ್ನನ್ನು ಹಾಲಿಗೆ ಕರೆದ.

"ಅತ್ತೆ, ಇವ್ರಿಗೆ ನಿಮ್ಮ ವಾಯ್ಸ್ ಇಷ್ಟ ಆಗಿದೆ. ಹೊಸ ಮಾಡೆಲ್ಲಿಗೆ ಇನ್ನೊಂದೆರಡು ವಾಕ್ಯ ಬೇಕಂತೆ."

ಒಬ್ಬ ಹುಡುಗ ಕಾಗದ ಕೊಟ್ಟ, ಇನ್ನೊಬ್ಬ ಮೈಕು ಹಿಡಿದ. ಮೊದಲ ವಾಕ್ಯ ಇಷ್ಟೇ: ರಿಪೇರಿ ಮಾಡುವ ಮುನ್ನ ಕೆಂಪು ಕೀ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ.

"ರಿಪೇರಿ ಮಾಡುವ ಮುನ್ನ" ಎನ್ನುವವರೆಗೆ ಬಂತು. ಮುಂದೆ ಬರಲಿಲ್ಲ. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತಿತು. ಹನ್ನೊಂದು ಸಲ ಹೇಳಿಸಿ ಹನ್ನೆರಡನೆಯದನ್ನು ಒಪ್ಪಿಕೊಂಡವನು ಎದುರಿಗಿರಲಿಲ್ಲ. ಎದುರಿಗೆ ಕಣ್ಣು ಮೂಗು ಬರೆದ ಕಂಬವಿತ್ತು.

"ವಯಸ್ಸಾಯ್ತು," ಎಂದು ಗಂಗರಾಜು ನಕ್ಕ. ಆ ಹುಡುಗರೂ ನಕ್ಕು, ಇನ್ನೊಂದು ದಿನ ಬರುತ್ತೇವೆಂದರು.

ಮರುದಿನ ಬೆಳಿಗ್ಗೆ ಪೂಜೆ ಮಾಡದೆ ಮನೆ ಬಿಟ್ಟೆ. ಬುದ್ಧಿ ಬಂದಾಗಿನಿಂದ ಅದೇ ಮೊದಲು. ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಹುತ್ರಿದುರ್ಗಕ್ಕೆ ಇನ್ನೊಂದು. ಬೆಟ್ಟದ ಕೆಳಗಿನ ಹೊಲದಲ್ಲಿ ಕೋಮಲಾ ರಾಗಿಯ ಹೊರೆ ಕಟ್ಟುತ್ತಿದ್ದಳು. ನನ್ನನ್ನು ಕಂಡು ಓಡಿಬಂದಳು.

"ಇಂಪನಾಗೆ ಏನಾಯ್ತು ದೊಡ್ಡತ್ತೆ?"

"ಏನೂ ಆಗಿಲ್ಲ. ಚೆನ್ನಾಗಿದಾಳೆ." ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗಂಟೆ, ಫೋನು, ಗಂಗರಾಜುವಿನ ಬಾಯಲ್ಲಿದ್ದ ತುತ್ತು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಹಾಲು ಬಿಡೋವಾಗ ನನ್ನ ಪಕ್ಕದಲ್ಲೇ ನಿಂತಿದ್ರಿ," ಎಂದಳು.

"ಹೌದಮ್ಮ."

"ಸಹಿ ಹಾಕೋವಾಗ ಜಪ ಮಾಡ್ತಿದ್ರಿ."

"ಹೌದು."

"ಈಗ ಇಲ್ಲಿ, ಯಾರೂ ಇಲ್ಲದ ಹೊಲದಲ್ಲಿ ಹೇಳೋಕೆ ಬಂದಿದೀರ. ರಾಗಿ ತೆನೆಗೆ ಹೇಳ್ತಿದೀರಾ, ಕಂಬಕ್ಕೆ ಹೇಳ್ದಂಗೆ?" ಅವಳು ಸೊಂಟದಿಂದ ಫೋನ್ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. "ಇದಕ್ಕೆ ಹೇಳಿ. ಮಾವ ಹೆಂಗೆ ಹೇಳಿಸಿದ್ರೋ ಹಂಗೆ. ಉಕ್ತಲೇಖನ."

ನಾನು ಹೇಳಿದೆ. "ನನ್ನ ಹೆಸರು ಹನುಮಕ್ಕ. ನಾನು ನಿವೃತ್ತ ಶಿಕ್ಷಕಿ. ಭೀಮರಾಜನ ಅಕ್ಕ. ಅವನು ತೀರಿಹೋದ ದಿನ ಮೋಟರಿಗೆ ಫೋನ್ ಮಾಡಿದವಳು ನಾನು. ಕೋಮಲಾ ಅಲ್ಲ."

"ಇನ್ನೂ ಇದೆ."

ಗಂಗರಾಜು ತಮ್ಮನ ಒಬ್ಬನೇ ಮಗ. ನಾನೇ ಅಕ್ಷರ ತಿದ್ದಿಸಿದ ಕೂಸು. ಅವಳು ಫೋನ್ ಕೆಳಗಿಳಿಸಲಿಲ್ಲ.

"ಫೋನ್ ಮಾಡಬೇಡಿ ಎಂದು ಭೀಮರಾಜ ಹೇಳಿದ್ದನ್ನು ಅವನ ಮಗ ಗಂಗರಾಜು ಕೇಳಿಸಿಕೊಂಡಿದ್ದ. ನಾನು ಫೋನ್ ಮಾಡುವುದನ್ನು ನೋಡಿದ. ತಡೆಯಲಿಲ್ಲ. ತಪ್ಪನ್ನು ಹೆಂಡತಿಯ ಮೇಲೆ ಹಾಕಿದ. ನಾನು ಸುಮ್ಮನಿದ್ದೆ."

ಅವಳು ಅದನ್ನು ಒಮ್ಮೆ ಹಾಕಿ ಕೇಳಿದಳು. ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು.

"ಇಷ್ಟು ಚೆನ್ನಾಗಿ ಮಾತಾಡೋಕೆ ಬರುತ್ತೆ ನಿಮಗೆ," ಎಂದಳು. ಹೆಬ್ಬೆರಳಿನಿಂದ ಏನೇನೋ ಒತ್ತಿದಳು. "ನೆಂಟರ ಗ್ರೂಪಿಗೆ, ವರ್ಕ್‌ಶಾಪ್ ಗ್ರೂಪಿಗೆ, ಬೆಂಗಳೂರಿನೋರ ನಂಬರಿಗೆ. ನನ್ನ ಮಗೂನ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಹೋಗಿ ದೊಡ್ಡತ್ತೆ, ಒಂದೂವರೆಗೆ ಬಸ್ಸಿದೆ."

ಕುಡಿಯಲು ನೀರು ಕೇಳಬೇಕೆಂದುಕೊಂಡೆ. ಅವಳು ಆಗಲೇ ಬೆನ್ನು ತಿರುಗಿಸಿ ಹೊರೆಗೆ ಬಗ್ಗಿದ್ದಳು.

ಬಸ್ಸು ಕುಣಿಗಲ್ ತಲುಪುವಷ್ಟರಲ್ಲಿ ಗಂಗರಾಜುವಿನ ಮೆಸೇಜು ಬಂತು: ನಿಮ್ಮ ಟ್ರಂಕು, ದೇವರ ಪಟ ಕೆಳಗೆ ಗೇಟಿನ ಹತ್ತಿರ ಇಟ್ಟಿದ್ದೇನೆ. ಮೇಲೆ ಬರುವುದು ಬೇಡ. ಈಗ ನಾನು ಕ್ಯಾತ್ಸಂದ್ರದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದೇನೆ. ಕೋಮಲಾ ಮಗುವನ್ನು ಕರೆದುಕೊಂಡು ಹೋದಳೆಂದು ನಾಗಭೂಷಣ್ ಹೇಳಿದರು. ಬೆಂಗಳೂರಿನವರು ವ್ಯಾಪಾರ ಕೈಬಿಟ್ಟರಂತೆ. ವರ್ಕ್‌ಶಾಪಿಗೆ ಬೀಗ ಬಿದ್ದಿದೆ. ಪುಟ್ಟಗಂಗಮ್ಮ ಯಾರೊಂದಿಗೂ ಮಾತಾಡುವುದಿಲ್ಲವಂತೆ.

ಆ ದಿನ ತುಮಕೂರಿನ ಬಸ್ಸಿನಲ್ಲಿ ನನ್ನ ಪಕ್ಕ ಟವೆಲ್ ಹೊದ್ದ ರೈತನೊಬ್ಬ ಕೂತಿದ್ದ. ಅವನು ಒಂದು ಕರೆ ಮಾಡಿ ಇಟ್ಟ, ಎರಡು ನಿಮಿಷಕ್ಕೆ ಅವನ ಫೋನ್ ರಿಂಗಾಯಿತು. ಬಸ್ಸಿನ ಸದ್ದಿಗೆ ಕೇಳದೆಂದು ಸ್ಪೀಕರ್ ಹಾಕಿದ. "ಕರೆಂಟ್ ಬಂದಿದೆ. ಮೋಟರ್ ಚಾಲೂ ಆಗಿದೆ." ಅವನು ಸಂತೋಷದಿಂದ ನನ್ನ ಕಡೆ ತಿರುಗಿ, "ಹೊನ್ನಮ್ಮನ ಡಬ್ಬಿ ಕಣವ್ವ. ಯಾವ ಪುಣ್ಯಾತ್ಗಿತ್ತಿ ಧ್ವನಿಯೋ, ದಿನಾ ಕೇಳ್ತೀನಿ," ಎಂದ.

ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಸ್ವಾಮಿ ನರಸಿಂಹಾ, ಕಂಬದೊಳಗಿಂದ ಬಂದವನು ನೀನು. ನನ್ನ ತಮ್ಮ ಕಂಬಕ್ಕೆ ಹೇಳಿದ ಮಾತನ್ನು ನೀನಾದರೂ ಕೇಳಿಸಿಕೊಂಡಿರುತ್ತೀಯೆ. ಅವನು ಎಷ್ಟೋ ಜನರ ಮೋಟರು ಉಳಿಸಿದ, ಎಷ್ಟೋ ಜನರ ಪ್ರಾಣ ಉಳಿಸಿದ. ಅವನ ಸುಟ್ಟ ಕೈಗಳನ್ನು ತಣ್ಣಗೆ ಮಾಡು. ಅವನಿರುವಲ್ಲಿ ಯಾರಾದರೂ ಅವನ ಮುಖ ನೋಡಿ ಮಾತಾಡಲಿ. ನಾನು ಬಿಟ್ಟ ಹಾಲು ಅವನಿಗೆ ತಲುಪದಿದ್ದರೆ, ಆ ಹುಡುಗಿ ಎಂದಾದರೂ ಬಂದು ಬಿಡುವ ಹಾಲು ತಲುಪಲಿ. ನನಗೆ ಏನನ್ನೂ ಬೇಡುವುದಿಲ್ಲ. ಅವನಿಗೆ ಶಾಂತಿ ಕೊಡು.